ತನ್ನ ಪರಿಚಯ ಹೇಳದ ಚಿಪ್ಪು

ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎರಡು ಪುಟ್ಟ ಚಿಪ್ಪುಗಳಿವೆ. ಎಲ್‌ಎಂ75 ಎಂಬುದು ಉಷ್ಣತೆಯನ್ನು ಅಳೆಯುತ್ತದೆ. ಎಡಿಎಸ್1115 ಎಂಬುದು ವೋಲ್ಟೇಜನ್ನು ಅಂಕಿಯಾಗಿ ಬದಲಿಸಿ ಕೊಡುತ್ತದೆ. ಐ-ಸ್ಕ್ವೇರ್ಡ್-ಸಿ ಎಂಬ ಎರಡು ತಂತಿಗಳ ದಾರಿಯಲ್ಲಿ ಇವು ಕಂಪ್ಯೂಟರಿನ ಜೊತೆ ಮಾತಾಡುತ್ತವೆ. ಆ ದಾರಿಯಲ್ಲಿರುವ ಪ್ರತಿ ಚಿಪ್ಪಿಗೂ ಒಂದು ವಿಳಾಸ ಬೇಕು. ಹದಿನಾರರ ಎಣಿಕೆಯಲ್ಲಿ 48 ಎಂಬ ವಿಳಾಸದಲ್ಲಿ ಈ ಎರಡರಲ್ಲಿ ಯಾವುದೂ ಕೂತಿರಬಹುದು. ಕಂಪ್ಯೂಟರು 48 ಎಂದು ಕೂಗಿದರೆ ಯಾರೋ ಇದ್ದಾರೆ ಎಂಬ ಸೂಚನೆ ಮಾತ್ರ ಮರಳಿ ಬರುತ್ತದೆ. ಇರುವವರು ಯಾರು, ಅವರ ಕೆಲಸವೇನು ಎಂಬುದು ತಿಳಿಯುವುದಿಲ್ಲ.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಹೀಗಾಗುವುದಿಲ್ಲ. ಅಲ್ಲಿನ ಪಿಸಿಐ ಜಾಲದಲ್ಲಿ ಕೂತ ಪ್ರತಿ ಕಾರ್ಡೂ ತನ್ನನ್ನು ತಯಾರಿಸಿದವರ ಸಂಖ್ಯೆ ಯಾವುದು, ತನ್ನ ಮಾದರಿ ಸಂಖ್ಯೆ ಯಾವುದು ಎಂಬುದನ್ನು ಕೇಳಿದೊಡನೆ ಹೇಳುತ್ತದೆ. ಇಂಟೆಲ್ ಕಂಪನಿ ತನಗೆ ಆರಿಸಿಕೊಂಡ ಸಂಖ್ಯೆ 8086, ಅದರ ಹೆಸರಾಂತ ಪ್ರೊಸೆಸರಿನದೇ ಅಂಕಿ. ಯುಎಸ್‌ಬಿ ಸಾಧನಗಳಿಗೂ ಇದೇ ಶಿಸ್ತು ಇದೆ. ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಎಚ್ಚೆತ್ತೊಡನೆ ಹಾಜರಿ ಕರೆದು, ಸಿಕ್ಕ ಉತ್ತರಕ್ಕೆ ತಕ್ಕ ಡ್ರೈವರನ್ನು, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶವನ್ನು, ಕೆಲಸಕ್ಕೆ ಹಚ್ಚುತ್ತದೆ.

ಮೊಬೈಲು, ವೈಫೈ ರೂಟರು, ಟಿವಿ ಪೆಟ್ಟಿಗೆಗಳ ಒಳಗಿನ ಚಿಪ್ಪಿನ ಕಥೆ ಬೇರೆ. ಅಲ್ಲಿ ಸೀರಿಯಲ್ ಪೋರ್ಟು, ಟೈಮರು, ಮೆಮೊರಿ ಕಾರ್ಡಿನ ನಿಯಂತ್ರಕ ಎಲ್ಲವೂ ಒಂದೇ ಸಿಲಿಕಾನ್ ತುಂಡಿನಲ್ಲಿ, ಗೊತ್ತುಪಡಿಸಿದ ವಿಳಾಸಗಳಲ್ಲಿ ಬೆಸೆದುಕೊಂಡಿರುತ್ತವೆ. ಗೋಡೆಯೊಳಗೆ ಹೂತ ವೈರಿಂಗಿನ ಹಾಗೆ, ಎಲ್ಲಿಂದ ಎಲ್ಲಿಗೆ ಏನು ಹೋಗಿದೆ ಎಂಬುದು ನಕ್ಷೆ ಬರೆದವನಿಗೆ ಮಾತ್ರ ಗೊತ್ತು. ಅಂದಾಜಿನ ಮೇಲೆ ಯಾವುದೋ ವಿಳಾಸವನ್ನು ಮುಟ್ಟಿ ನೋಡೋಣ ಎಂದರೆ, ಆ ಭಾಗಕ್ಕೆ ಗಡಿಯಾರದ ಸಂಕೇತವೇ ಹೋಗದಿದ್ದಾಗ ಇಡೀ ವ್ಯವಸ್ಥೆ ಅಲ್ಲೇ ಸ್ತಬ್ಧವಾಗಬಹುದು.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನೇ ನೋಡಬಹುದು. 2012ರ ಮೊದಲ ಪೈಯಲ್ಲಿ, 2015ರ ಎರಡನೆಯದರಲ್ಲಿ, 2019ರ ನಾಲ್ಕನೆಯದರಲ್ಲಿ ಪಿಎಲ್011 ಎಂಬ ಒಂದೇ ಬಗೆಯ ಸೀರಿಯಲ್ ಪೋರ್ಟು ಇದೆ. ಅದನ್ನು ನಡೆಸುವ ಡ್ರೈವರೂ ಒಂದೇ. ಆದರೆ ಹದಿನಾರರ ಎಣಿಕೆಯಲ್ಲಿ ಅದರ ವಿಳಾಸ ಮೊದಲ ಪೈಯಲ್ಲಿ 20ರಿಂದ ಶುರುವಾಗುತ್ತದೆ, ಎರಡನೆಯದರಲ್ಲಿ 3ಎಫ್‌ನಿಂದ, ನಾಲ್ಕನೆಯದರಲ್ಲಿ ಎಫ್‌ಇಯಿಂದ. ಉಳಿದ ಅಂಕಿಗಳು ಮೂರರಲ್ಲೂ ಒಂದೇ. ಪೋರ್ಟು ಬದಲಾಗಲಿಲ್ಲ, ಅದು ಕೂತ ಜಾಗ ಬದಲಾಯಿತು.

ಈ ಜಾಗಗಳನ್ನು ಕರ್ನಲ್ಲಿಗೆ ಯಾರು ಹೇಳಬೇಕು? ಇಂಥ ಚಿಪ್ಪುಗಳಲ್ಲಿರುವ ಆರ್ಮ್ ಪ್ರೊಸೆಸರುಗಳ ಲೋಕದಲ್ಲಿ ಬಹಳ ಕಾಲ ಇದಕ್ಕಿದ್ದ ಉತ್ತರ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಕರ್ನಲ್ಲಿನ ಒಳಗೇ ಬರೆದುಬಿಡುವುದು. ಪ್ರತಿ ಬೋರ್ಡಿಗೂ ಸಿ ಭಾಷೆಯಲ್ಲಿ ಒಂದು ಕಡತ, ಆ ಬೋರ್ಡಿಗೆಂದೇ ಒಂದು ನೋಂದಣಿ ಸಂಖ್ಯೆ. ಕರ್ನಲ್ಲನ್ನು ಎಬ್ಬಿಸುವ ಬೂಟ್‌ಲೋಡರು ಆ ಸಂಖ್ಯೆಯನ್ನು ಪ್ರೊಸೆಸರಿನ ಒಂದು ರಿಜಿಸ್ಟರಿನಲ್ಲಿ ಇಟ್ಟು ಕೈಬಿಡುತ್ತಿತ್ತು. ನೋಂದಣಿ ಸಾವಿರಗಟ್ಟಲೆ ಬೆಳೆಯಿತು. ಒಂದು ಬೋರ್ಡಿನಲ್ಲಿ ಎಲ್‌ಇಡಿ ದೀಪದ ತಂತಿ ಬೇರೆ ಪಿನ್ನಿಗೆ ಹೋದರೂ ಹೊಸ ಕಡತ ಬೇಕು, ಕರ್ನಲ್ಲನ್ನು ಮತ್ತೆ ಕಟ್ಟಬೇಕು. 2011ರ ಮಾರ್ಚಿನಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಈ ರಾಶಿಯನ್ನು ಕಂಡು ತಾಳ್ಮೆ ಕಳೆದುಕೊಂಡು, ಆರ್ಮ್ ಅಭಿವೃದ್ಧಿಕಾರರನ್ನು ಬಹಿರಂಗವಾಗಿಯೇ ಕಟುವಾಗಿ ತರಾಟೆಗೆ ತೆಗೆದುಕೊಂಡರು. ಆ ಸಿಟ್ಟಿಗೆ ಕಾರಣವಿತ್ತು. ಯಂತ್ರದ ಬಗೆಗಿನ ಮಾಹಿತಿ, ಯಂತ್ರವನ್ನು ನಡೆಸುವ ವಿದ್ಯೆಯ ಜೊತೆ ಬಿಡಿಸಲಾರದಂತೆ ಕಲಸಿಹೋಗಿತ್ತು.

ಬೇರೆಯಾಗಿಸುವ ದಾರಿ ಆಗಲೇ ಇತ್ತು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಗಾಗಿ ಮಿಚ್ ಬ್ರ್ಯಾಡ್ಲಿ ರೂಪಿಸಿದ, ಯಂತ್ರದಲ್ಲೇ ನೆಲೆಸಿರುವ ತಂತ್ರಾಂಶವಾದ ಫರ್ಮ್‌ವೇರ್, ಗಣಕದ ಅಂಗಾಂಗಗಳನ್ನೆಲ್ಲ ಒಂದು ಮರದ ರೂಪದಲ್ಲಿ ಜೋಡಿಸಿ ಕಾರ್ಯವ್ಯವಸ್ಥೆಗೆ ಒಪ್ಪಿಸುತ್ತಿತ್ತು. ಅದೇ 1994ರಲ್ಲಿ ಓಪನ್ ಫರ್ಮ್‌ವೇರ್ ಎಂಬ ಐಇಇಇ ಮಾನಕವಾಯಿತು. ಆಪಲ್‌ನ ಪವರ್‌ಪಿಸಿ ಮ್ಯಾಕ್‌ಗಳೂ ಅದನ್ನು ಬಳಸಿದವು. ಅಷ್ಟು ದೊಡ್ಡ ಫರ್ಮ್‌ವೇರನ್ನು ಹೊರಲಾರದ ಸಣ್ಣ ಬೋರ್ಡುಗಳಿಗಾಗಿ, 2005ರ ಸುಮಾರಿಗೆ ಪವರ್‌ಪಿಸಿ ಲಿನಕ್ಸಿನ ಬಳಗ ಮರವನ್ನಷ್ಟೇ ಉಳಿಸಿಕೊಂಡು, ಅದನ್ನು ಒಂದು ಚಿಕ್ಕ ಕಡತದಲ್ಲಿ ಚಪ್ಪಟೆಯಾಗಿ ಅಡಕಮಾಡಿತು. ಗ್ರ್ಯಾಂಟ್ ಲೈಕ್ಲಿ ಮತ್ತು ಜೊತೆಗಾರರು ಇದನ್ನು ಆರ್ಮ್‌ಗೆ ತಂದರು. ಇದರ ಹೆಸರು ಡಿವೈಸ್ ಟ್ರೀ.

ಬರೆಯುವ ಕ್ರಮ ಸರಳ. ಬುಡದಲ್ಲಿ ಬೋರ್ಡಿನ ಹೆಸರು. ಕೊಂಬೆಗಳಾಗಿ ಪ್ರೊಸೆಸರು, ಮೆಮೊರಿ, ಚಿಪ್ಪಿನ ಒಳಗಿನ ಜಾಲಗಳು. ಆ ಕೊಂಬೆಗಳಲ್ಲಿ ಒಂದೊಂದು ಸಾಧನಕ್ಕೂ ಒಂದು ನೋಡ್. ನೋಡಿನಲ್ಲಿ ಸಾಧನದ ವಿಳಾಸ, ಅದು ಕರ್ನಲ್ಲಿನ ಗಮನ ಸೆಳೆಯಲು ಬಳಸುವ ಇಂಟರಪ್ಟ್ ಸಂಖ್ಯೆ, ಅದಕ್ಕೆ ಗಡಿಯಾರದ ಸಂಕೇತವೂ ವಿದ್ಯುತ್ತೂ ಯಾವ ಮೂಲದಿಂದ ಬರುತ್ತವೆ ಎಂಬ ವಿವರ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಂಪ್ಯಾಟಿಬಲ್ ಎಂಬ ಸಾಲು. ತಯಾರಕರ ಹೆಸರು, ಅಲ್ಪವಿರಾಮ, ಮಾದರಿಯ ಹೆಸರು, ಇಷ್ಟೇ ಅದರ ಒಕ್ಕಣೆ. ಪ್ರತಿ ಡ್ರೈವರೂ ತಾನು ನಡೆಸಬಲ್ಲ ಹೆಸರುಗಳ ಪಟ್ಟಿಯನ್ನು ಹೊತ್ತಿರುತ್ತದೆ. ಹೆಸರು ಹೊಂದಿದರೆ ಕೆಲಸ ಶುರು. 48ರಲ್ಲಿ ಕೂತದ್ದು ಎಲ್‌ಎಂ75 ಎಂದು ಒಂದು ಸಾಲು ಹೇಳಿದರೆ ಸಾಕು, ಊಹೆಗೆ ಜಾಗವೇ ಇರುವುದಿಲ್ಲ.

ಬೂಟ್‌ಲೋಡರು ಈಗ ನೋಂದಣಿ ಸಂಖ್ಯೆಯ ಬದಲು, ಮರದ ಕಡತ ಮೆಮೊರಿಯಲ್ಲಿ ಎಲ್ಲಿದೆ ಎಂಬುದನ್ನು ರಿಜಿಸ್ಟರಿನಲ್ಲಿ ಇಟ್ಟು ಕರ್ನಲ್ಲನ್ನು ಎಬ್ಬಿಸುತ್ತದೆ. ಹಾಗಾಗಿ 64 ಬಿಟ್‌ನ ಒಂದೇ ಕರ್ನಲ್ ರಾಸ್ಪ್‌ಬೆರಿ ಪೈ ಮೂರರಲ್ಲೂ ನಾಲ್ಕರಲ್ಲೂ ನಡೆಯುತ್ತದೆ. ಬದಲಾಗುವುದು ಮರ ಮಾತ್ರ. ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರುಗಳೂ ಈ ಪದ್ಧತಿಯನ್ನೇ ಹಿಡಿದವು. ಕರ್ನಾಟಕದ ಪಾಲೂ ಇದರಲ್ಲಿದೆ: 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಜಿನಿಯರುಗಳು ಆ ಕಂಪನಿಯ ಆರ್ಮ್ ಚಿಪ್ಪುಗಳಿಗಾಗಿ ಬರೆದ ಸಾಲುಗಳು ಲಿನಕ್ಸ್ ಕರ್ನಲ್ಲಿನಲ್ಲಿ ಸೇರಿವೆ.

ಸರಳವೆಂದ ಮಾತ್ರಕ್ಕೆ ಹಗುರವಲ್ಲ. 1.8 ವೋಲ್ಟಿನಲ್ಲಿ ಬದುಕುವ ಭಾಗಕ್ಕೆ 3.3 ವೋಲ್ಟ್ ಕೊಡಿ ಎಂದು ಮರದಲ್ಲಿ ತಪ್ಪಾಗಿ ಬರೆದರೆ ಚಿಪ್ಪು ಸುಟ್ಟೇಹೋಗಬಹುದು. ಕರ್ನಲ್ ಬರೆದದ್ದನ್ನು ನಂಬುತ್ತದೆ. ಆದ್ದರಿಂದಲೇ ಮರದ ಯಾವ ನೋಡಿನಲ್ಲಿ ಏನಿರಬೇಕು ಎಂಬ ನಿಯಮಗಳನ್ನು ಈಗ ಯಂತ್ರವೇ ಓದಿ ಪರೀಕ್ಷಿಸಬಲ್ಲ ರೂಪದಲ್ಲಿ ಬರೆಯಲಾಗುತ್ತಿದೆ. ಜೊತೆಗೆ ಇನ್ನೊಂದು ಕಟ್ಟುಪಾಡಿದೆ: ಮರವು, ಇರುವ ಯಂತ್ರಾಂಶವನ್ನೇ ವರ್ಣಿಸಬೇಕು, ಲಿನಕ್ಸಿಗೆ ಅನುಕೂಲವಾದದ್ದನ್ನಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಕಾರ್ಯವ್ಯವಸ್ಥೆಯೂ ಇದೇ ಬಗೆಯ ಮರವನ್ನು ಓದುತ್ತದೆ. ಜೆಫಿರ್ ಎಂಬ ಪುಟ್ಟ ವ್ಯವಸ್ಥೆ ಅದನ್ನು ಸಂಕಲನದ ಹೊತ್ತಿನಲ್ಲೇ ಅರೆದು ಬಳಸುತ್ತದೆ. ಇವತ್ತು ಬರೆದ ಮರ ನಾಳಿನ ಕರ್ನಲ್ಲಿಗೂ ಅರ್ಥವಾಗಬೇಕು. ಅವಸರದಲ್ಲಿ ಮಾಲು ಮಾರುಕಟ್ಟೆಗೆ ಬಿಡುವ ಕಂಪನಿಗಳಿಗೆ ಈ ಕಟ್ಟುಪಾಡು ಕಿರಿಕಿರಿ ಎನಿಸಬಹುದು, ಆದರೆ ಪದ್ಧತಿ ನಿಂತಿರುವುದೇ ಅದರ ಮೇಲೆ.

ತಯಾರಕರು ಕೈಬಿಟ್ಟ ಫೋನುಗಳ ವಿಷಯದಲ್ಲಿ ಈ ಪದ್ಧತಿಯ ಬೆಲೆ ಚೆನ್ನಾಗಿ ಕಾಣುತ್ತದೆ. ಯಂತ್ರಾಂಶ ಗಟ್ಟಿಯಾಗಿದ್ದರೂ ಹೊಸ ಕರ್ನಲ್ ಬರದೆ ಮೂಲೆ ಸೇರುವ ಫೋನುಗಳು ಲೆಕ್ಕವಿಲ್ಲದಷ್ಟು. ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ 410 ಚಿಪ್ಪಿದ್ದ ಹಲವು ಫೋನುಗಳಿಗೆ ಸ್ವಯಂಸೇವಕರು, ತಯಾರಕರ ಹಳೆಯ ಕರ್ನಲ್ ಸಂಕೇತವನ್ನು ಸಾಲುಸಾಲಾಗಿ ಓದಿ, ಹೊಸದಾಗಿ ಮರ ಬರೆದಿದ್ದಾರೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ3 ಮತ್ತು ಎ5ರ 2015ರ ಮಾದರಿಗಳು ಹೀಗೆ ಲಿನಕ್ಸಿನ ಮುಖ್ಯ ಕರ್ನಲ್ಲಿನಲ್ಲೇ ಜಾಗ ಪಡೆದಿವೆ. ಎರಡಕ್ಕೂ ಸಮಾನವಾದ ಭಾಗ ಒಂದೇ ಕಡತದಲ್ಲಿದೆ. ಸ್ಪರ್ಶವನ್ನು ಗುರುತಿಸುವ ಚಿಪ್ಪು ಎ3ರಲ್ಲಿ ಒಂದು ತಯಾರಕರದ್ದು, ಎ5ರಲ್ಲಿ ಇನ್ನೊಬ್ಬರದ್ದು. ಆ ವ್ಯತ್ಯಾಸದ ಸಾಲುಗಳು ಆಯಾ ಫೋನಿನ ಪುಟ್ಟ ಕಡತದಲ್ಲಿವೆ.