ಒಬ್ಬನೇ ಹೊರಡುವ ಮಗ, ಬಾಗಿಲಲ್ಲಿ ನಿಲ್ಲುವ ಹೆತ್ತವರು

(ಜುಮಾ ಭಾಷಣದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಭೂಮಿಯನ್ನು ನಮಗಾಗಿ ಹಾಸಿ, ಅದರಲ್ಲಿ ದಾರಿಗಳನ್ನು ತೆರೆದವನು ಅವನೇ. ಪ್ರವಾದಿ ಮುಹಮ್ಮದರ(ಸ) ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಕಳೆದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತ್‌ನ ಒಬ್ಬ ಯುವಕ ಮಸೀದಿಯ ಮೂಲೆಯಲ್ಲಿ ಕಾದು ಕುಳಿತಿದ್ದ. ಇಪ್ಪತ್ತನಾಲ್ಕರ ಹುಡುಗ. ಓದು ಮುಗಿಸಿ ಮೂರು ವರ್ಷ ದುಡಿದಿದ್ದಾನೆ, ಸ್ವಲ್ಪ ಹಣ ಉಳಿಸಿದ್ದಾನೆ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಉಝ್ಬೆಕಿಸ್ತಾನ, ತುರ್ಕಿ, ಮೊರಾಕ್ಕೊ ಎಂದು ಐದು ತಿಂಗಳು ಒಬ್ಬನೇ ಸುತ್ತಿ ಬರಬೇಕು ಎಂಬುದು ಅವನ ಆಸೆ. "ಉಸ್ತಾದ್, ಇದು ಹರಾಮಾ?" ಎಂದು ಕೇಳಿದ.

ಮರುದಿನ ಫಜ್ರ್‌ನ ನಂತರ ಅವನ ತಂದೆ ಬಂದರು. "ಉಸ್ತಾದರೇ, ಹರಾಮ್ ಎಂದು ಅವನಿಗೆ ಒಂದೇ ಒಂದು ಮಾತು ಹೇಳಿಬಿಡಿ. ನಮಗೆ ಅಷ್ಟು ಸಾಕು" ಎಂದರು. ಅವನ ಉಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ.

ಇಬ್ಬರಿಗೂ ನಮ್ಮಿಂದ ಬೇಕಾಗಿದ್ದದ್ದು ಒಂದು ಶಬ್ದ. ಮಗನಿಗೆ ಹಲಾಲ್, ತಂದೆಗೆ ಹರಾಮ್. ಆದರೆ ದೀನ್ ಎಂಬುದು ಒಬ್ಬರು ಇನ್ನೊಬ್ಬರ ಬಾಯಿ ಮುಚ್ಚಿಸಲು ಹಿಡಿಯುವ ಕೋಲಲ್ಲ. ಆ ದಿನ ಅವರಿಬ್ಬರ ಜೊತೆ ಕುಳಿತು ಮಾತಾಡಿದ್ದನ್ನೇ ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ. ಏಕೆಂದರೆ ಈ ಪ್ರಶ್ನೆ ಇಂದು ಒಂದು ಮನೆಯದ್ದಲ್ಲ.

ಮೊದಲನೆಯದಾಗಿ, ಪ್ರಯಾಣವನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರಿ ಎಂದು ಕುರ್‌ಆನ್ ಒಂದಲ್ಲ, ಹಲವು ಕಡೆ ಕರೆ ಕೊಟ್ಟಿದೆ. ಸೃಷ್ಟಿಯು ಹೇಗೆ ಆರಂಭವಾಯಿತು, ಮೆರೆದಾಡಿದ ಜನಾಂಗಗಳ ಗತಿ ಏನಾಯಿತು ಎಂಬುದನ್ನು ಕಣ್ಣಾರೆ ಕಂಡು ಪಾಠ ಕಲಿಯಲು ಅದು ಹೇಳುತ್ತದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕನೂ ಒಬ್ಬ. ಪ್ರಯಾಣಿಕನ ದುಆ ತಿರಸ್ಕೃತವಾಗುವುದಿಲ್ಲ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ.

ಇಲ್ಲಿ ನಾವು ಹಿರಿಯರು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಮೀಸೆ ಮೂಡುವ ಮೊದಲೇ ಗಲ್ಫ್‌ಗೆ ಹೊರಟವರು ಎಷ್ಟು ಮಂದಿ? ಭಾಷೆ ಗೊತ್ತಿಲ್ಲ, ಇಳಿಯುವಲ್ಲಿ ಕಾಯುವವರಿಲ್ಲ, ಕೈಯಲ್ಲೊಂದು ಬ್ಯಾಗ್, ಜೇಬಿನಲ್ಲೊಂದು ವಿಳಾಸದ ಚೀಟಿ. ಅವರನ್ನು ನಾವು ದುಆ ಮಾಡಿ ಕಳುಹಿಸಿದೆವು. ಈ ಹುಡುಗನ ತಂದೆಯೂ ಹಾಗೆಯೇ ಹೋದವರು. ಅವರ ಉಮ್ಮನಿಗೆ ಮಗನ ಧ್ವನಿ ಕೇಳುತ್ತಿದ್ದದ್ದು ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ ಕ್ಯಾಸೆಟ್‌ನಲ್ಲಿ ಮಾತ್ರ. ಸಂಬಳಕ್ಕಾಗಿ ಮಗ ಒಬ್ಬನೇ ಹೋದರೆ ಬರಕತ್, ಲೋಕ ನೋಡಲು ಹೋದರೆ ಹುಚ್ಚು ಎಂದು ನಾವು ಹೇಳುತ್ತಿದ್ದೇವಲ್ಲ, ನಮ್ಮ ಚಿಂತೆ ಮಗನ ಬಗ್ಗೆಯೋ ಅಥವಾ ಹಣದ ಬಗ್ಗೆಯೋ? ಇದನ್ನು ಹೇಳಿದಾಗ ಆ ತಂದೆ ತಲೆ ತಗ್ಗಿಸಿದರು. ನಾವೂ ತಗ್ಗಿಸಬೇಕಾದದ್ದೇ.

ಎರಡನೆಯದಾಗಿ, ಯುವಕರೇ, ಒಂಟಿತನದ ವಿಷಯ. ಒಂಟಿ ಪ್ರಯಾಣದಲ್ಲಿ ಏನೇನಿದೆ ಎಂದು ತಾವು ಬಲ್ಲಷ್ಟು ಜನರು ಬಲ್ಲವರಾಗಿದ್ದರೆ ರಾತ್ರಿ ಹೊತ್ತು ಯಾರೂ ಒಬ್ಬರೇ ಸವಾರಿ ಹೊರಡುತ್ತಿರಲಿಲ್ಲ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಮೂವರು ಸೇರಿದರೆ ಅದು ಪ್ರಯಾಣಿಕರ ತಂಡ ಎಂದಿದ್ದಾರೆ. ಮೂವರು ಹೊರಟರೆ ಒಬ್ಬರನ್ನು ನಾಯಕರನ್ನಾಗಿ ಮಾಡಿಕೊಳ್ಳಲು ಹೇಳಿದ್ದಾರೆ. ಇನ್ನೊಂದು ಕಡೆ, ಖಂದಕ್ ಯುದ್ಧದ ಕಠಿಣ ಗಳಿಗೆಯಲ್ಲಿ ಶತ್ರುಗಳ ಸುದ್ದಿ ತರಲು ಝುಬೈರ್(ರ) ಒಬ್ಬರೇ ಹೋದರು, ಪ್ರವಾದಿ(ಸ) ಅವರನ್ನು ಮೆಚ್ಚಿದರು. ಇಮಾಮ್ ಬುಖಾರಿಯವರು ಈ ಘಟನೆಯನ್ನೂ ಮೇಲಿನ ಎಚ್ಚರಿಕೆಯನ್ನೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ಇಟ್ಟಿದ್ದಾರೆ. ಇದರಿಂದ ವಿದ್ವಾಂಸರು ಗ್ರಹಿಸಿದ್ದು ಇಷ್ಟು: ಒಬ್ಬನೇ ಹೋಗುವುದು ಸ್ವತಃ ಪಾಪವಲ್ಲ. ಆದರೆ ಅಗತ್ಯವಿಲ್ಲದೆ ಅದನ್ನು ಆರಿಸಿಕೊಳ್ಳುವುದು ಪ್ರವಾದಿಯವರ(ಸ) ಇಷ್ಟಕ್ಕೆ ದೂರ. ಕಾಯಿಲೆ ಬಿದ್ದರೆ ನೀರು ಕೊಡುವವರಿಲ್ಲ, ಕಾಲು ಜಾರಿದರೆ ಹಿಡಿಯುವವರಿಲ್ಲ, ಕೊನೆಯ ಮಾತು ಕೇಳಿ ಮನೆಗೆ ಮುಟ್ಟಿಸುವವರಿಲ್ಲ.

ಮೊರಾಕ್ಕೊ ಎಂದು ಹುಡುಗ ಹೇಳಿದಾಗ ನಮಗೆ ನೆನಪಾದದ್ದು ಇಬ್ನ್ ಬತೂತ. 1325ರ ಜೂನ್‌ನಲ್ಲಿ ಮೊರಾಕ್ಕೊದ ತಾಂಜಿಯರ್ ಪಟ್ಟಣದಿಂದ ಹಜ್ಜ್‌ಗೆಂದು ಹೊರಟಾಗ ಅವರಿಗೆ 21 ವರ್ಷ. ಜೊತೆಗೆ ಗೆಳೆಯರಿಲ್ಲ, ಸೇರಿಕೊಳ್ಳಲು ಕಾಫಿಲವಿಲ್ಲ. ತಂದೆ-ತಾಯಿ ಇಬ್ಬರೂ ಜೀವಂತ. ಅವರನ್ನು ಬಿಟ್ಟು ಹೋಗುವ ನೋವು ಎಷ್ಟಿತ್ತೆಂದು ಅವರೇ ನೆನಪಿಸಿಕೊಂಡಿದ್ದಾರೆ.

ಆದರೆ ಆ ಪ್ರಯಾಣದ ಮೊದಲ ತಿಂಗಳುಗಳನ್ನು ಗಮನಿಸಿ. ತಿಲಿಮ್ಸಾನ್‌ನಲ್ಲಿ ತ್ಯೂನಿಸ್‌ನ ಇಬ್ಬರು ರಾಯಭಾರಿಗಳು ಮುಂದೆ ಹೋಗಿರುವುದು ತಿಳಿಯಿತು. ಇಸ್ತಿಖಾರ ಮಾಡಿ ಅವರನ್ನು ಹಿಂಬಾಲಿಸಿ ಸೇರಿಕೊಂಡರು. ಮುಂದೆ ವರ್ತಕರ ತಂಡವೊಂದರ ಜೊತೆಯಾದರು. ದಾರಿಯಲ್ಲಿ ಜ್ವರ ಬಂತು. ಕೆಳಗೆ ಬೀಳದಿರಲೆಂದು ಮುಂಡಾಸಿನ ಬಟ್ಟೆಯಿಂದ ತಮ್ಮನ್ನು ಜೀನಿಗೆ ಕಟ್ಟಿಕೊಂಡು ಸಾಗಿದರು. ತ್ಯೂನಿಸ್ ತಲುಪಿದಾಗ ಊರವರು ಹೊರಗೆ ಬಂದು ತಂತಮ್ಮವರಿಗೆ ಸಲಾಮ್ ಹೇಳಿ ಕ್ಷೇಮ ವಿಚಾರಿಸತೊಡಗಿದರು. ಇವರಿಗೆ ಸಲಾಮ್ ಹೇಳುವವರು ಯಾರೂ ಇರಲಿಲ್ಲ. ದುಃಖ ತಡೆಯಲಾಗದೆ ಅತ್ತುಬಿಟ್ಟರು. ಅದನ್ನು ಗಮನಿಸಿದ ಒಬ್ಬ ಯಾತ್ರಿಕ ಹತ್ತಿರ ಬಂದು ಸಲಾಮ್ ಹೇಳಿ ಮಾತನಾಡಿಸಿದರು, ಊರೊಳಗೆ ತಲುಪುವವರೆಗೂ ಜೊತೆ ಬಿಡಲಿಲ್ಲ. ಅದೇ ತ್ಯೂನಿಸ್‌ನಿಂದ ಹೊರಟ ಹಜ್ಜ್ ಕಾಫಿಲಕ್ಕೆ ಈ ಯುವಕನೇ ಖಾಝಿಯಾದರು.

ಗೆಳೆಯರೇ, ಲೋಕಪ್ರಸಿದ್ಧ ಒಂಟಿ ಪ್ರಯಾಣಿಕ ಒಂಟಿಯಾಗಿ ಹೊರಟದ್ದು ನಿಜ, ಒಂಟಿಯಾಗಿಯೇ ಉಳಿಯಲಿಲ್ಲ. ಪ್ರತಿ ಊರಿನಲ್ಲಿ ಒಳ್ಳೆಯವರ ಸಹವಾಸವನ್ನು ಹುಡುಕಿಕೊಂಡರು. ನೀವು ಕಲಿಯಬೇಕಾದದ್ದು ಅದನ್ನು.

ಅವರ ಕಥೆಯ ಇನ್ನೊಂದು ತುದಿಯೂ ಇದೆ. ಅದನ್ನು ಜನ ಹೆಚ್ಚಾಗಿ ಹೇಳುವುದಿಲ್ಲ. 1348ರಲ್ಲಿ ದಮಾಸ್ಕಸ್ ತಲುಪಿದಾಗ, ತಂದೆ ತೀರಿಕೊಂಡು ಹದಿನೈದು ವರ್ಷಗಳಾದವು ಎಂಬ ಸುದ್ದಿ ಅವರಿಗೆ ಸಿಕ್ಕಿತು. ಮರುವರ್ಷ ಊರಿನ ದಾರಿ ಹಿಡಿದು ಮೊರಾಕ್ಕೊದ ತಾಝಾ ಮುಟ್ಟಿದಾಗ, ಮಹಾಮಾರಿಗೆ ತಾಯಿಯೂ ಬಲಿಯಾದರು ಎಂದು ತಿಳಿಯಿತು. ಇಪ್ಪತ್ನಾಲ್ಕು ವರ್ಷ ಲೋಕ ಸುತ್ತಿ ಬಂದ ಮಗನಿಗೆ ಉಳಿದದ್ದು ತಾಯಿಯ ಖಬರ್ ಝಿಯಾರತ್ ಮಾತ್ರ.

ಇದನ್ನು ಹೇಳಿದಾಗ ಆ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅವನ ತಂದೆಗೆ ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಆಗಿದೆ.

ಮೂರನೆಯದಾಗಿ, ಹೆತ್ತವರ ಒಪ್ಪಿಗೆ. ಜಿಹಾದ್‌ಗೆ ಅನುಮತಿ ಕೇಳಿ ಬಂದವನಿಗೆ ಪ್ರವಾದಿ(ಸ) ಮೊದಲು ಕೇಳಿದ್ದು ಹೆತ್ತವರು ಬದುಕಿದ್ದಾರೆಯೇ ಎಂದು. ಇದ್ದಾರೆ ಎಂದಾಗ ಅವರ ಸೇವೆಯಲ್ಲೇ ಶ್ರಮಿಸಲು ಹೇಳಿದರು. ತಂದೆ-ತಾಯಿಯನ್ನು ಅಳಿಸಿ ಬಂದಿದ್ದೇನೆ ಎಂದ ಇನ್ನೊಬ್ಬನಿಗೆ, ಹಿಂದಿರುಗಿ ಹೋಗಿ ಅಳಿಸಿದ ಹಾಗೆಯೇ ಅವರನ್ನು ನಗಿಸು ಎಂದು ಕಳುಹಿಸಿದರು. ಅಷ್ಟು ದೊಡ್ಡ ಕಾರ್ಯಕ್ಕೇ ಹೀಗಾದರೆ ಊರು ನೋಡುವ ಪ್ರಯಾಣದ ಮಾತೇನು? ಆದರೆ ಹೆತ್ತವರೇ, ಈ ಹಕ್ಕು ಮಕ್ಕಳನ್ನು ಕಟ್ಟಿಹಾಕುವ ಹಗ್ಗವಾಗಬಾರದು. ಮಗ ಕೇಳಿಕೊಂಡು ಬಂದಿದ್ದಾನೆ, ಹೇಳದೆ ಓಡಿಹೋಗಿಲ್ಲ. ಕೇಳುವ ಮಗನಿಗೆ ಕಾರಣ ಹೇಳದೆ ಬೇಡ ಎಂದರೆ, ಮುಂದಿನ ಸಲ ಅವನು ಕೇಳುವುದಿಲ್ಲ.

ಹೊರಡುವವರಿಗೆ ಕೆಲವು ಕಿವಿಮಾತು.

ಸಾಲವಿದ್ದರೆ ತೀರಿಸಿ, ಅಮಾನತ್‌ಗಳನ್ನು ಹಿಂದಿರುಗಿಸಿ, ವಸಿಯ್ಯತ್ ಬರೆದಿಡಿ. ಇದು ಅಪಶಕುನವಲ್ಲ, ಸುನ್ನತ್. ಇಸ್ತಿಖಾರ ಮಾಡಿ, ಅನುಭವಸ್ಥರ ಸಲಹೆ ಕೇಳಿ. ಮರಳುವ ದಿನವನ್ನು ಹೊರಡುವ ಮೊದಲೇ ನಿಗದಿ ಮಾಡಿ. ಪ್ರಯಾಣವು ಊಟ, ನೀರು, ನಿದ್ದೆಗಳನ್ನು ತಡೆಯುವ ಒಂದು ಬಗೆಯ ಯಾತನೆ, ಕೆಲಸ ಮುಗಿದೊಡನೆ ಮನೆಗೆ ಧಾವಿಸಿರಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ.

ನಮಾಝನ್ನು ಬ್ಯಾಗಿನ ಅಡಿಗೆ ಹಾಕಬೇಡಿ. ಸುಮಾರು 80 ಕಿಲೋಮೀಟರ್‌ಗಿಂತ ದೂರದ ಪ್ರಯಾಣದಲ್ಲಿ ಝುಹರ್, ಅಸರ್, ಇಶಾ ನಮಾಝ್‌ಗಳು ನಾಲ್ಕರ ಬದಲು ಎರಡು ರಕಅತ್. ಒಂದೇ ಊರಿನಲ್ಲಿ ಬರುವ ಮತ್ತು ಹೊರಡುವ ದಿನಗಳನ್ನು ಬಿಟ್ಟು ನಾಲ್ಕು ದಿನ ತಂಗುವ ನಿಯ್ಯತ್ ಇದ್ದರೆ ಶಾಫಿಈ ಮದ್‌ಹಬ್‌ನವರು ಪೂರ್ತಿ ನಿರ್ವಹಿಸಬೇಕು. ಹನಫಿಗಳಿಗೆ ಈ ಮಿತಿ ಹದಿನೈದು ದಿನ. ಎರಡು ನಮಾಝ್‌ಗಳನ್ನು ಜಮ್ಅ್ ಮಾಡುವ ರಿಯಾಯಿತಿ ಶಾಫಿಈಗಳಿಗಿದೆ. ಪ್ರಯಾಣಿಕನಿಗೆ ಜುಮಾ ಕಡ್ಡಾಯವಲ್ಲ. ಆದರೂ ಹೋದ ಊರಿನ ಜುಮಾ ಬಿಡಬೇಡಿ. ಅಪರಿಚಿತ ನಾಡಿನಲ್ಲಿ ಒಳ್ಳೆಯ ಜೊತೆ ಸಿಗುವ ಜಾಗ ಅದಕ್ಕಿಂತ ಬೇರೆ ಇಲ್ಲ.

ಲೋಕದ ಎಚ್ಚರವೂ ತವಕ್ಕುಲ್‌ನ ಭಾಗವೇ. ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕು ಎಂಬುದು ನಮಗೆ ಸಿಕ್ಕ ಪಾಠ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ, ಹಲವು ದೇಶಗಳು ಅದಿಲ್ಲದೆ ಒಳಗೆ ಬಿಡುವುದಿಲ್ಲ. ವೀಸಾ ಅವಧಿ ಮೀರಿ ಒಂದು ದಿನವೂ ನಿಲ್ಲಬೇಡಿ. ಪ್ರಯಾಣ ವಿಮೆ ಮಾಡಿಸಿ. ದಾಖಲೆಗಳ ಒಂದೊಂದು ಪ್ರತಿ ಮನೆಯಲ್ಲಿರಲಿ. ಎಷ್ಟೇ ಸಭ್ಯರಾಗಿ ಕಂಡರೂ ಬೇರೆಯವರ ಪೊಟ್ಟಣವನ್ನು ನಿಮ್ಮ ಬ್ಯಾಗಿನಲ್ಲಿ ಇಡಬೇಡಿ. ಅದರೊಳಗೆ ಮಾದಕ ವಸ್ತು ಸಿಕ್ಕರೆ ನೀವು ನಿರಪರಾಧಿ ಎಂದು ಅಲ್ಲಿ ಹೇಳುವವರು ಯಾರು? ದಾರಿಯಲ್ಲಿ ಯಾರೋ ದೊಡ್ಡ ಸಂಬಳದ ಕೆಲಸ ಕೊಡುತ್ತೇನೆಂದರೆ ನಂಬಬೇಡಿ. ಹೀಗೆ ನಂಬಿ ಹೋದ ಎಷ್ಟೋ ಭಾರತೀಯ ಯುವಕರು ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಕಷ್ಟ ಬಂದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಿ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಮನೆಯವರೂ ದೂರು ದಾಖಲಿಸಬಹುದು.

ಎಲ್ಲ ಎಚ್ಚರಗಳ ಆಚೆಗೆ ಒಂದು ಎಚ್ಚರವಿದೆ. ಯಾರೂ ಗುರುತಿಸದ ಊರಿನಲ್ಲಿ ನೀವು ಯಾರಾಗಿರುತ್ತೀರಿ? ಇಲ್ಲಿ ತಂದೆಗೆ, ಜಮಾಅತ್‌ಗೆ ಹೆದರಿ ಬಿಟ್ಟದ್ದನ್ನು ಅಲ್ಲಿ ಯಾರಿಗೆ ಹೆದರಿ ಬಿಡುತ್ತೀರಿ? ಮೂಸಾ(ಅ) ಮಿಸ್ರ್‌ನಿಂದ ಪ್ರಾಣಭಯದಲ್ಲಿ ಒಬ್ಬರೇ ಹೊರಟು ಮದ್‌ಯನ್ ಸೇರಿದರು. ಕೈ ಬರಿದು, ಪರಿಚಯದವರಿಲ್ಲ. ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳು ತಮ್ಮ ಕುರಿಗಳನ್ನು ತಡೆದು ನಿಂತಿರುವುದನ್ನು ಕಂಡರು. ಅವರ ಕುರಿಗಳಿಗೆ ನೀರು ಕುಡಿಸಿ, ಏನನ್ನೂ ಕೇಳದೆ ನೆರಳಿಗೆ ಸರಿದು, ತಮ್ಮ ಅಗತ್ಯವನ್ನು ಅಲ್ಲಾಹನಲ್ಲಿ ತೋಡಿಕೊಂಡರು. ಒಂಟಿ ಪ್ರಯಾಣಿಕನ ಮಾದರಿ ಅದು. ತಾನೇ ಕಷ್ಟದಲ್ಲಿದ್ದರೂ ಇತರರಿಗೆ ನೆರವು, ಕಣ್ಣಿನಲ್ಲಿ ಸಂಯಮ, ಬೇಡಿಕೆ ಅಲ್ಲಾಹನಲ್ಲಿ ಮಾತ್ರ.

ಇನ್ನು ಊರಿನಲ್ಲಿ ಉಳಿಯುವ ನಮಗೂ ಎರಡು ಮಾತು. ಒಂದು, ನಮ್ಮ ಮಸೀದಿಗೂ ಅಪರಿಚಿತರು ಬರುತ್ತಾರೆ. ಬಿಹಾರದಿಂದ, ಬಂಗಾಳದಿಂದ ದುಡಿಯಲು ಬಂದ ಹುಡುಗರು ಹಿಂದಿನ ಸಫ್‌ನಲ್ಲಿ ನಿಂತು ನಮಾಝ್ ಮಾಡಿ ಸದ್ದಿಲ್ಲದೆ ಹೋಗುತ್ತಾರೆ. ತ್ಯೂನಿಸ್‌ನಲ್ಲಿ ಅತ್ತ ಆ ಯುವಕನನ್ನು ನೆನಪಿಸಿಕೊಳ್ಳಿ. ನಮ್ಮ ಮಗನಿಗೆ ಪರದೇಶದಲ್ಲಿ ಯಾರಾದರೂ ಸಲಾಮ್ ಹೇಳಲಿ ಎಂದು ದುಆ ಮಾಡುವ ನಾವು, ಪಕ್ಕದಲ್ಲಿ ನಿಂತ ಪರರ ಮಗನಿಗೆ ಸಲಾಮ್ ಹೇಳಿದ್ದೇವೆಯೇ?

ಎರಡು, ನಮ್ಮ ಹೆಣ್ಣುಮಕ್ಕಳು. ಸ್ತ್ರೀಯರ ಪ್ರಯಾಣದಲ್ಲಿ ಮಹ್ರಮ್ ಜೊತೆಗಿರಲಿ ಎಂಬ ಪ್ರವಾದಿಯವರ(ಸ) ಉಪದೇಶವನ್ನು ನಾವು ಚೆನ್ನಾಗಿ ಬಲ್ಲೆವು. ಪತ್ನಿ ಹಜ್ಜ್‌ಗೆ ಹೊರಟಿದ್ದಾಳೆ, ತನ್ನ ಹೆಸರು ಯುದ್ಧಕ್ಕೆ ದಾಖಲಾಗಿದೆ ಎಂದ ಸಹಾಬಿಯೊಬ್ಬರನ್ನು ಯುದ್ಧ ಬಿಟ್ಟು ಪತ್ನಿಯ ಜೊತೆ ಹೋಗಲು ಅವರು ಕಳುಹಿಸಿದ್ದನ್ನು ಮಾತ್ರ ಮರೆಯುತ್ತೇವೆ. ಆ ಉಪದೇಶದ ಭಾರ ಇರುವುದು ನಮ್ಮ ಹೆಗಲ ಮೇಲೆ. 1340ರ ದಶಕದಲ್ಲಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹೆಣ್ಣುಮಕ್ಕಳಿಗೆಂದೇ 13 ಮದ್ರಸಗಳನ್ನು ಕಂಡರು, ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದವರು ಎಂದು ದಾಖಲಿಸಿದರು. ಮಗಳಿಗೂ ಲೋಕ ನೋಡುವ ಆಸೆ ಇದ್ದರೆ, ರಜೆ ಹಾಕಿ ಅವಳನ್ನು ಕರೆದುಕೊಂಡು ಹೋಗುವ ತಂದೆ, ಅಣ್ಣ ನಾವಾಗೋಣ.

ಸಹೋದರರೇ, ಆ ಮನೆಯ ಮಾತು ಕೊನೆಗೆ ಹೀಗೆ ನಿಂತಿತು. ಐದು ತಿಂಗಳು ಎರಡಾಯಿತು. ಮೊದಲ ಮೂರು ವಾರ ಸಮರ್‌ಖಂದ್, ಬುಖಾರಾಗಳಲ್ಲಿ ಅವನ ಜೊತೆ ಒಬ್ಬ ಸಂಬಂಧಿಕ ಇರುತ್ತಾನೆ. ಎಲ್ಲಿದ್ದರೂ ಪ್ರತಿದಿನ ಉಮ್ಮನಿಗೆ ಒಂದು ಕರೆ. ತಂದೆಯ ತಪಾಸಣೆಯ ದಿನಕ್ಕೆ ಮೊದಲು ಅವನು ಊರಿನಲ್ಲಿರಬೇಕು. ತಂದೆ ಇನ್ನೂ ಪೂರ್ತಿ ಮನಸ್ಸಿನಿಂದ ಹೂಂ ಎಂದಿಲ್ಲ. ಆದರೆ ಮೊನ್ನೆ ತಾವೇ ಅಂಗಡಿಗೆ ಹೋಗಿ ಜ್ವರದ, ಹೊಟ್ಟೆನೋವಿನ ಮಾತ್ರೆಗಳನ್ನು ತಂದು, ಯಾವುದು ಯಾವುದಕ್ಕೆ ಎಂದು ಚೀಟಿ ಅಂಟಿಸಿ ಮಗನ ಬ್ಯಾಗಿನಲ್ಲಿಟ್ಟರಂತೆ.

ಬೀಳ್ಕೊಡುವಾಗ ಪ್ರವಾದಿ(ಸ) ಪ್ರಯಾಣಿಕನ ದೀನನ್ನೂ ಅವನ ಅಮಾನತ್ತನ್ನೂ ಅವನ ಕರ್ಮಗಳ ಅಂತ್ಯವನ್ನೂ ಅಲ್ಲಾಹನಿಗೆ ಒಪ್ಪಿಸುತ್ತಿದ್ದರು. ಬಾಗಿಲಲ್ಲಿ ನಿಂತ ಹೆತ್ತವರಿಗೆ ಕೊಡಲು ಇದಕ್ಕಿಂತ ದೊಡ್ಡ ಬುತ್ತಿ ಇಲ್ಲ. ಅಲ್ಲಾಹನಿಗೆ ಒಪ್ಪಿಸಿದ್ದು ಎಂದೂ ಕಳೆದುಹೋಗುವುದಿಲ್ಲ.

ದೂರ ಹೋದ ನಮ್ಮ ಮಕ್ಕಳನ್ನು ಅಲ್ಲಾಹನು ಈಮಾನಿನೊಂದಿಗೆ, ಆರೋಗ್ಯದೊಂದಿಗೆ ಮನೆಗೆ ಮರಳಿಸಲಿ. ಅವರು ಬರುವ ದಿನ ಬಾಗಿಲು ತೆರೆಯಲು ಹೆತ್ತವರಿಗೆ ಆಯುಷ್ಯ ಕೊಡಲಿ. ನಮ್ಮೆಲ್ಲರ ಕೊನೆಯ ಪ್ರಯಾಣವನ್ನು ಸುಗಮಗೊಳಿಸಲಿ. ಆಮೀನ್.