ಬಿದ್ದೋನೇ ದೊಡ್ಡ ಪೈಲ್ವಾನ: ಭಾನುವಾರದ ಟಿವಿ, ಹಲ್ಕ್ ಹೊಗನ್ ಮತ್ತು ನಮ್ಮ ಕಾಕಾ

 

2025ರ ಜುಲೈ 24ರ ರಾತ್ರಿ ನನ್ನ ವಾಟ್ಸಾಪ್‌ಗೆ ಒಂದು ಮೆಸೇಜ್ ಬಂತು. "ಲೇ, ನಿನ್ನ ಹಲ್ಕ್ ಹೊಗನ್ ಹೋದ್ನಂತ ನೋಡು." ಕಳಿಸಿದವನು ನನ್ನ ಬಾಲ್ಯದ ಗೆಳೆಯ. ಮಸ್ಕಿಯಲ್ಲೇ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಗಡಿಯ ಮೇಲಿನ ಹಲಗೆಯಿಂದ ಡಬ್ಬಿ ತೆಗೀಬೇಕಂದ್ರೆ ಅವನು ಎಡಗೈಯನ್ನೇ ಚಾಚಬೇಕು. ಬಲಗೈ ಭುಜಕ್ಕಿಂತ ಮೇಲೆ ಏಳಲ್ಲ. 1988ರಿಂದ ಏಳ್ತಾ ಇಲ್ಲ. ಅದಕ್ಕೆ ಕಾರಣ ನಾನು.

ಇವತ್ತಿನ ಮಾತು ಅದರ ಬಗ್ಗೆ. ಟಿವಿ ಕುಸ್ತಿ ಬಗ್ಗೆ. "ಅದು ಖರೇನೋ, ಸುಳ್ಳೋ" ಅಂತ ನಾವೆಲ್ಲ ಕೇಳ್ತಾ ಬಂದಿರೋ ಪ್ರಶ್ನೆ ಬಗ್ಗೆ.

ನೀವು ಈಗ ಡಬ್ಲ್ಯೂಡಬ್ಲ್ಯೂಇ ನೋಡಬೇಕಂದ್ರೆ ಮೊಬೈಲ್ ತೆಗೆದರೆ ಸಾಕು. ಎಂಬತ್ತರ ದಶಕದಲ್ಲಿ ಅಮೆರಿಕದ ಹುಡುಗರಿಗೆ ಅದು ಪ್ರತಿ ಶನಿವಾರ ಟಿವಿಯಲ್ಲಿ ಬರ್ತಿತ್ತು. ನಮಗೆ ಅಲ್ಲಿ ಇದ್ದದ್ದು ದೂರದರ್ಶನ ಒಂದೇ. ಹಾಗಂತ ನಮ್ಮ ಕಡೆ ಟಿವಿ ಅನ್ನೋದು ಹೊಸದೇನಲ್ಲ. ಭಾರತದಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸೋ ಮೊದಲ ಪ್ರಯೋಗ ನಡೆದದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ. 'ಸೈಟ್' ಅಂತ ಅದರ ಹೆಸರು. ನಾಸಾದ ಉಪಗ್ರಹ, ಆರು ರಾಜ್ಯ, 20 ಜಿಲ್ಲೆ, ಸುಮಾರು 2,400 ಹಳ್ಳಿ. ಆ 20ರಲ್ಲಿ ಕರ್ನಾಟಕದ ಮೂರು ಜಿಲ್ಲೆ ಇದ್ದವು: ಗುಲಬರ್ಗಾ, ಬಿಜಾಪುರ ಮತ್ತು ನಮ್ಮ ರಾಯಚೂರು. ಹಿಂದುಳಿದ ಜಿಲ್ಲೆ ಅಂತ ಎಲ್ಲರೂ ಬೈತಾರಲ್ಲ, ಹಿಂದುಳಿದದ್ದಕ್ಕೇ ಆ ಒಂದು ವರ್ಷ ನಾವು ಮುಂದಿದ್ವಿ!

ನನಗೆ ನೆನಪಿರೋ ಟಿವಿ ಮಾತ್ರ 1987ರದ್ದು. ಆಗ ಮಸ್ಕಿ ಲಿಂಗಸುಗೂರು ತಾಲೂಕಿನಲ್ಲಿತ್ತು. ನಮ್ಮ ಓಣಿಗೆಲ್ಲ ಸೇರಿ ಒಂದೇ ಟಿವಿ. ಎತ್ತರದ ಕಬ್ಬಿಣದ ಪೈಪಿಗೆ ಆಂಟೆನಾ. ಗಾಳಿ ಬಂದರೆ ಚಿತ್ರ ಹೋಗಿ ಬರೀ ಚುಕ್ಕಿ. ಮಾಳಿಗಿ ಮೇಲೆ ಒಬ್ಬ ಹತ್ತಿ ಆಂಟೆನಾ ತಿರುಗಿಸೋನು, ಕೆಳಗಿಂದ ಹತ್ತು ಮಂದಿ "ಬಂತು, ಬಂತು... ಹೋತು!" ಅಂತ ಒದರೋರು.

ಆ ವರ್ಷದ ಜನವರಿ 25ಕ್ಕೆ ರಮಾನಂದ ಸಾಗರ್ ಅವರ ರಾಮಾಯಣ ಶುರುವಾಯ್ತು. ಭಾನುವಾರ ಬೆಳಿಗ್ಗೆ ಓಣಿ ಖಾಲಿ. ಟಿವಿ ಇದ್ದ ಮನೆ ಪಡಸಾಲೆ ತುಂಬಿ, ಕಟ್ಟೆ ತುಂಬಿ, ಕಿಟಕಿಗೆಲ್ಲ ತಲೆ. ಹನುಮಂತ ಬಂದಾಗ ಮುದುಕಿಯರು ಕೈ ಮುಗಿಯೋರು. ನಮ್ಮ ಕಾಕಾ ಮಾತ್ರ ತೊಡೆ ತಟ್ಟಿ ಹೇಳೋನು: "ಅಂವ ನಮ್ಮ ಮಂದಿ ಪಾ. ಪೈಲ್ವಾನ ಅಂವ."

ಹೌದು, ಅಂವ ದಾರಾ ಸಿಂಗ್. 1928ರಲ್ಲಿ ಪಂಜಾಬಿನಲ್ಲಿ ಹುಟ್ಟಿದವರು. ಕಿಂಗ್‌ಕಾಂಗ್ ಅನ್ನೋ ದೈತ್ಯನ ಜೊತೆ ಸೆಣಸಿದವರು. 1968ರಲ್ಲಿ ಬಾಂಬೆಯಲ್ಲಿ ಅಮೆರಿಕದ ಲೂ ಥೆಸ್ ಅವರನ್ನ ಸೋಲಿಸಿ ವಿಶ್ವ ಚಾಂಪಿಯನ್ ಅನಿಸಿಕೊಂಡವರು. 1983ರಲ್ಲಿ ದೆಹಲಿಯಲ್ಲಿ ಕೊನೆಯ ಕುಸ್ತಿ. ನಾಲ್ಕು ವರ್ಷ ಆದಮೇಲೆ, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಬಾಲ ಕಟ್ಟಿಕೊಂಡು ದೇಶದ ಮನೆಮನೆಗೆ ಬಂದರು. ಹಾಗಾಗಿ ಲೆಕ್ಕ ಹಾಕಿದರೆ, ನಮಗೂ ಎಂಬತ್ತರ ದಶಕದಲ್ಲಿ ವಾರಕ್ಕೊಮ್ಮೆ ಟಿವಿಯಲ್ಲಿ ಒಬ್ಬ ವೃತ್ತಿಪರ ಪೈಲ್ವಾನ ಬರ್ತಿದ್ದ. ಕುಸ್ತಿ ಚಡ್ಡಿ ಬದಲು ಗದೆ ಹಿಡ್ಕೊಂಡು.

ಕಾಕಾನ ಬಗ್ಗೆ ಹೇಳಬೇಕು. ವಯಸ್ಸಿದ್ದಾಗ ಗರಡಿಮನೆಯಲ್ಲಿ ಸಾಮು ಮಾಡಿದವನು. ಜಾತ್ರೆಗಳಲ್ಲಿ ಕುಸ್ತಿ ಹಿಡಿದು ಒಂದು ಬೆಳ್ಳಿ ಕಡಗ ಗೆದ್ದಿದ್ದ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕುಸ್ತಿ ಬಿಟ್ಟು ಸಿಂಧನೂರಿಗೆ ಹೋಗಿ ಹಮಾಲಿಗೆ ಸೇರಿದ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದಮೇಲೆ ಸಿಂಧನೂರು ಭತ್ತದ ಊರಾಯ್ತು, ರೈಸ್ ಮಿಲ್‌ಗಳ ಊರಾಯ್ತು. 75 ಕೆಜಿಯ ಭತ್ತದ ಚೀಲ ಬೆನ್ನ ಮೇಲೆ ಹೊತ್ತು ಲಾರಿ ತುಂಬೋದು ಕಾಕಾನ ಕೆಲಸ. ಕುಸ್ತಿ ಯಾಕೆ ಬಿಟ್ಟೆ ಅಂತ ಯಾರು ಕೇಳಿದರೂ ಉತ್ತರ ಇಲ್ಲ. ಶನಿವಾರ ರಾತ್ರಿ ಮಸ್ಕಿಗೆ ಬರೋನು, ಭಾನುವಾರ ರಾಮಾಯಣ ಮುಗಿಸಿ ವಾಪಸ್ ಹೊರಡೋನು. ಒಮ್ಮೊಮ್ಮೆ ನನ್ನನ್ನೂ, ನನ್ನ ಗೆಳೆಯನನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋಗೋನು.

ಯಾಕಂದ್ರೆ ಸಿಂಧನೂರಿನಲ್ಲಿ ಒಂದು ಹೊಸ ಮಾಯೆ ಇತ್ತು. ವಿಡಿಯೋ. ಒಂದು ಕತ್ತಲೆ ಕೋಣೆ, ಒಂದು ಕಲರ್ ಟಿವಿ, ಒಂದು ವಿಸಿಆರ್, ನೆಲದ ಮೇಲೆ ಜಮಖಾನೆ. ಭಾನುವಾರ ಮಧ್ಯಾಹ್ನ ಸಿನಿಮಾಕ್ಕಿಂತ ಮೊದಲು ಅರ್ಧ ತಾಸು 'ಫಾರಿನ್ ಕುಸ್ತಿ'. ಕಾಪಿ ಮೇಲೆ ಕಾಪಿ ಮಾಡಿದ ಕ್ಯಾಸೆಟ್ಟು. ಬಣ್ಣ ಎಲ್ಲ ಒಂದರೊಳಗೊಂದು ಸೇರಿ ಹೋಗಿರೋದು. ಆದರೂ ನಾವು ಬಾಯಿ ಬಿಟ್ಟು ನೋಡ್ತಿದ್ವಿ.

1988ರ ಬೇಸಿಗೆಯಲ್ಲಿ ಅಲ್ಲಿಗೆ ಒಂದು ಹೊಸ ಕ್ಯಾಸೆಟ್ ಬಂತು. ಅದು ರೆಸಲ್‌ಮೇನಿಯಾ 3 ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ನಡೆದದ್ದು 1987ರ ಮಾರ್ಚ್ 29ಕ್ಕೆ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಹಲ್ಕ್ ಹೊಗನ್ ಮತ್ತು ಆಂಡ್ರೆ ದ ಜೈಂಟ್. "ಆಂಡ್ರೆ ಅಂದ್ರೆ ಏನಲೇ?" ಅಂತ ನನ್ನ ಗೆಳೆಯ ಕೇಳಿ ಇಡೀ ಕೋಣೆ ನಕ್ಕಿತ್ತು. ಆಂಡ್ರೆ ತೂಕ 520 ಪೌಂಡ್ ಅಂತ ಘೋಷಣೆ. ಅಂದ್ರೆ ಸುಮಾರು 236 ಕೆಜಿ. ಕಾಕಾನ ಲೆಕ್ಕದಲ್ಲಿ ಮೂರು ಚೀಲ ಭತ್ತ, ಮೇಲೊಂದು ಬೊಗಸೆ. ಅಂಥವನನ್ನ ಹೊಗನ್ ಎತ್ತಿ ದಬ್ಬಂತ ನೆಲಕ್ಕೆ ಹಾಕಿದ. ಕೋಣೆ ತುಂಬ ಸೀಟಿ. ನಾನು ಎದ್ದು ಕುಣೀತಾ ಇದ್ದೆ.

ಕಾಕಾ ಕುಣೀಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ನಾನು ಕೇಳಿದೆ, "ಕಾಕಾ, ಹೊಗನ್ ಎಂಥಾ ಪೈಲ್ವಾನ ಅಲ್ಲ?"

"ಎತ್ತಿದಾಂವ ಇರ್ಲಿ ತಮ್ಮಾ, ಎತ್ತಿಸಿಕೊಂಡಾಂವನ್ನ ನೋಡಿದೇನು? ಮೂರು ಚೀಲದ ಮನಿಷಾ ತಾನಾಗೇ ಮೈ ಕೊಡದಿದ್ರ ಯಾರ ಅಪ್ಪಗೂ ಏಳಂಗಿಲ್ಲ. ಅಂವ ಮೈ ಕೊಟ್ಟ, ಅಂತಾ ಜಾಗದಾಗ ಬಿದ್ದ. ಬೀಳಾದು ಕಲಿಯಾಕ ವರ್ಷಗಟ್ಲೆ ಬೇಕು. ಬಿದ್ದೋನೇ ದೊಡ್ಡ ಪೈಲ್ವಾನ."

ನನಗೆ ಸಿಟ್ಟು ಬಂತು. "ಹಂಗಾರ ಅದು ಸುಳ್ಳು ಕುಸ್ತಿ ಅಂತೀ?" ಅಂದೆ. ಕಾಕಾ ಉತ್ತರ ಕೊಡಲಿಲ್ಲ. ಬೀಡಿ ಹಚ್ಚಿದ.

ಮುಂದಿನ ವಾರ ನಾನು ಅದನ್ನ ಖರೆ ಮಾಡಿ ತೋರಿಸೋಕೆ ಹೊರಟೆ.

ಬೇಸಿಗೆಗೆ ಮಸ್ಕಿ ಹಳ್ಳ ಒಣಗಿ ಉಸುಕು ಬಿದ್ದಿರ್ತಿತ್ತು. ಅದೇ ನಮ್ಮ ರಿಂಗ್. ನಾನು ಹೊಗನ್, ನನ್ನ ಗೆಳೆಯ ಆಂಡ್ರೆ. ಸುತ್ತಲೂ ಏಳೆಂಟು ಹುಡುಗರು. ಅವನನ್ನ ಎತ್ತಿದೆ. ಖರೇನೇ ಎತ್ತಿದೆ. ಎತ್ತಿದ ಕೂಡಲೇ ಅವನು ಹೆದರಿ ನನ್ನ ಕುತ್ತಿಗೆ ಗಟ್ಟಿಯಾಗಿ ಹಿಡಿದ. ಅವನಿಗೆ ಬೀಳೋದು ಗೊತ್ತಿಲ್ಲ, ನನಗೆ ಇಳಿಸೋದು ಗೊತ್ತಿಲ್ಲ. ಇಬ್ಬರೂ ಉರುಳಿದ್ವಿ. ಉಸುಕಿನ ಕೆಳಗೆ ಕಲ್ಲಿತ್ತು. ಅವನ ಬಲಭುಜ ಕಲ್ಲಿನ ಮೇಲೆ, ನಾನು ಅವನ ಮೇಲೆ.

ಆ ಸಪ್ಪಳ ನನಗೆ ಈಗಲೂ ಕೇಳುತ್ತೆ.

ಅದಕ್ಕಿಂತ ದೊಡ್ಡ ತಪ್ಪು ನಾನು ಮಾಡಿದ್ದು ಆಮೇಲೆ. "ಮನ್ಯಾಗ ಹೇಳಬ್ಯಾಡಲೇ, ನಮ್ಮಪ್ಪ ನನ್ನ ಕೊಲ್ತಾನ" ಅಂತ ಅವನ ಕಾಲು ಹಿಡ್ಕೊಂಡೆ. ಅವನು ಹೇಳಲಿಲ್ಲ. ಎರಡು ದಿನ ಉದ್ದ ತೋಳಿನ ಅಂಗಿ ಹಾಕ್ಕೊಂಡು, ಜ್ವರ ಅಂತ ಮಲಗಿದ್ದ. ಶನಿವಾರ ರಾತ್ರಿ ಬಂದ ಕಾಕಾ ಅವನನ್ನ ಒಂದೇ ಸಲ ನೋಡಿ ಅಂಗಿ ಬಿಚ್ಚಿಸಿದ. ಭುಜ ಕುಂಬಳಕಾಯಿ ಆಗಿತ್ತು. ಮರುದಿನ ನಸುಕಿನಲ್ಲೇ ಲಿಂಗಸುಗೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಜೊತೆಗೆ ನಾನು. ಅವತ್ತು ಭಾನುವಾರ. ರಾಮಾಯಣ ಶುರುವಾದಮೇಲೆ ನಾನು ತಪ್ಪಿಸಿಕೊಂಡ ಒಂದೇ ಒಂದು ಕಂತು ಅದು. ಬೇಗ ಬಂದಿದ್ರೆ ಪೂರ್ತಿ ಸರಿ ಹೋಗ್ತಿತ್ತು ಅಂತ ಡಾಕ್ಟರು ಹೇಳಿದ್ದನ್ನ ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಕೂತಾಗ ಕಾಕಾ ಬೈತಾನೆ ಅಂದುಕೊಂಡಿದ್ದೆ. ಬೈಲಿಲ್ಲ. ಅವತ್ತು, ಮೊದಲ ಸಲ, ಕುಸ್ತಿ ಯಾಕೆ ಬಿಟ್ಟೆ ಅಂತ ಹೇಳಿದ.

ಲಿಂಗಸುಗೂರು ಕಡೆಯದೇ ಒಂದು ಜಾತ್ರೆ. ಕೊನೆಯ ಜೋಡಿ ಕಾಕಾನದು. ಎದುರಿಗೆ ಇದ್ದವನು ಒಂದು ಕಾಲದಲ್ಲಿ ಅದೇ ವಸ್ತಾದನ ಹತ್ತಿರ ಕಲಿತವನು. ಅವನಿಗೆ ಮೂರು ಮಕ್ಕಳು, ಕಾಕಾನಿಗೆ ಇಬ್ಬರು. ಇಬ್ಬರೂ ಮರುದಿನ ಕೂಲಿಗೆ ಹೋಗಬೇಕಾದವರು. ಕೈ ಮುರಿದರೆ ಮನೆಯಲ್ಲಿ ಒಲೆ ಉರಿಯಲ್ಲ. ಕಣಕ್ಕೆ ಇಳಿಯೋ ಮೊದಲು ಇಬ್ಬರೂ ಮಾತಾಡಿಕೊಂಡರು: ಸಮ ಮಾಡೋಣ, ಇನಾಮು ಅರ್ಧ ಅರ್ಧ. ಅರ್ಧ ತಾಸು ಹಲಗೆ ಬಡಿದ್ರು, ಇಬ್ಬರೂ ಜಗ್ಗಾಡಿದ್ರು, ಯಾರೂ ಚಿತ್ ಆಗಲಿಲ್ಲ. ಮಂದಿಗೆ ಗೊತ್ತಾಯ್ತು. "ನೂರಾ ಕುಸ್ತಿ! ನೂರಾ ಕುಸ್ತಿ!" ಅಂತ ಕೂಗಿದ್ರು. ಮೊದಲೇ ಮಾತಾಡಿಕೊಂಡ ಕುಸ್ತಿಗೆ ನಮ್ಮ ಕಡೆ ಅದೇ ಹೆಸರು. ಚಪ್ಪಲಿ ತೂರಿದ್ರು.

"ನಾ ಏನೂ ಕಳವು ಮಾಡ್ಲಿಲ್ಲ ತಮ್ಮಾ" ಅಂದ ಕಾಕಾ. "ಅವನ ಕೈ ನಾ ಉಳಿಸಿದೆ, ನನ್ನ ಕೈ ಅಂವ ಉಳಿಸಿದ. ಆದ್ರ ಆ ಕೂಗು ಕಿವ್ಯಾಗ ಕುಂತುಬಿಡ್ತು. ಮತ್ತ ಕಣಕ್ಕ ಇಳೀಲಿಲ್ಲ."

ಹದಿನಾಲ್ಕು ವರ್ಷದ ನನಗೆ ಅದು ಪೂರ್ತಿ ತಿಳೀಲಿಲ್ಲ. ನಿಧಾನವಾಗಿ ತಿಳೀತು.

1989ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ತಮಾಷೆ ನಡೀತು. ಸರ್ಕಾರದ ಕ್ರೀಡಾ ಮಂಡಳಿಯ ನಿಯಂತ್ರಣ ತಪ್ಪಿಸಿಕೊಳ್ಳೋಕೆ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯೇ ಒಪ್ಪಿಕೊಂಡಿತು: ನಮ್ಮದು ಸ್ಪರ್ಧೆ ಅಲ್ಲ, ಮನರಂಜನೆ. ಅಲ್ಲಿಗೆ "ಖರೇನೋ ಸುಳ್ಳೋ" ಪ್ರಶ್ನೆ ಮುಗೀಬೇಕಿತ್ತು. ಮುಗೀಲಿಲ್ಲ, ಯಾಕಂದ್ರೆ ಅದು ಸರಿಯಾದ ಪ್ರಶ್ನೆಯೇ ಆಗಿರಲಿಲ್ಲ. ಯಾರು ಗೆಲ್ತಾರೆ ಅನ್ನೋದು ಮೊದಲೇ ಗೊತ್ತಿರಬಹುದು. ಬೆನ್ನಿಗೆ ಅದು ಗೊತ್ತಿರಲ್ಲ. ಗರಡಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡ್ತಾರೆ. ಆ ರಿಂಗಿನ ಕೆಳಗೆ ಇರೋದು ಕಬ್ಬಿಣದ ತೊಲೆ, ಕಟ್ಟಿಗೆ ಹಲಗೆ, ಮೇಲೊಂದು ತೆಳು ಹಾಸು. ಆಂಡ್ರೆ ಅವತ್ತು ಬಿದ್ದದ್ದು ಬೆನ್ನಿನ ಶಸ್ತ್ರಚಿಕಿತ್ಸೆ ಆದಮೇಲೆ. ಆರು ವರ್ಷ ಕಳೆಯೋದರೊಳಗೆ, 1993ರ ಜನವರಿಯಲ್ಲಿ, ತೀರಿಕೊಂಡ. ಗೆದ್ದ ಹೊಗನ್ ಕೂಡ ಬೆನ್ನಿಗೆ ಶಸ್ತ್ರಚಿಕಿತ್ಸೆ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ.

ಇನ್ನೊಂದು ಸಂಗತಿ. 1986ರಲ್ಲಿ ಜೆಸ್ಸಿ ವೆಂಚುರಾ ಅನ್ನೋ ಪೈಲ್ವಾನ ಜೊತೆಗಾರರಿಗೆಲ್ಲ "ನಾವೊಂದು ಸಂಘ ಕಟ್ಟೋಣ" ಅಂದ. ಸುದ್ದಿ ಮಾಲೀಕನಿಗೆ ಮುಟ್ಟಿತು. ಸಂಘ ಆಗಲಿಲ್ಲ. ಮುಟ್ಟಿಸಿದ್ದು ಹಲ್ಕ್ ಹೊಗನ್ ಅಂತ ಮುಂದೆ ಒಂದು ಮೊಕದ್ದಮೆಯ ಹೊತ್ತಿಗೆ ತನಗೆ ಗೊತ್ತಾಯ್ತು ಅಂತ ವೆಂಚುರಾನೇ ಹೇಳಿದ್ದಾನೆ. ವೆಂಚುರಾ ಆಮೇಲೆ ಮಿನೆಸೋಟ ರಾಜ್ಯದ ಗವರ್ನರ್ ಆದ, ಅದು ಬೇರೆ ಮಾತು. ಇದನ್ನ ಓದಿದ ದಿನ ನನಗೆ ಕಾಕಾ ನೆನಪಾದ. ಭತ್ತದ ಚೀಲ ಹೊರೋ ನಮ್ಮ ಕಾಕಾನಿಗೆ ಹಮಾಲರ ಸಂಘ ಇತ್ತು. ಒಬ್ಬನ ಕಾಲು ಉಳುಕಿದರೆ ಉಳಿದವರು ರೂಪಾಯಿ ಕೂಡಿಸಿ ಕೊಡ್ತಿದ್ರು. ಲಕ್ಷಾಂತರ ಮಂದಿ ನೋಡೋ ಆ ಪೈಲ್ವಾನರಿಗೆ ಅದೂ ಇರಲಿಲ್ಲ.

ಆಮೇಲೆ ಕೇಬಲ್ ಬಂತು. 1991ರಲ್ಲಿ ಸ್ಟಾರ್ ಟಿವಿ, ಪ್ರೈಮ್ ಸ್ಪೋರ್ಟ್ಸ್. ಹುಡುಗರ ಜೇಬಲ್ಲಿ ಪೈಲ್ವಾನರ ಟ್ರಂಪ್ ಕಾರ್ಡು, ಬಾಯಲ್ಲಿ ಅಂಡರ್‌ಟೇಕರ್. ನಾನು ಆ ಕಡೆ ಹೆಚ್ಚು ನೋಡಲಿಲ್ಲ. ದಾರಾ ಸಿಂಗ್ 2012ರ ಜುಲೈ 12ಕ್ಕೆ ಹೋದಾಗ ಕಾಕಾ ಇನ್ನೂ ಇದ್ದ. ಟಿವಿ ಮುಂದೆ ಕೂತು "ಚಂದ ಬಾಳಿದ ಪೈಲ್ವಾನ" ಅಂದ, ಅಷ್ಟೇ. ಎರಡು ವರ್ಷಕ್ಕೆ ಅವನೂ ಹೋದ. ಬೆಳ್ಳಿ ಕಡಗ ನನ್ನ ಹತ್ತಿರ ಇದೆ.

ನೀವು ರೀಲ್ಸ್ ನೋಡ್ತೀರಿ. ಗೆಳೆಯನನ್ನ ಎತ್ತಿ ಒಗೆಯೋದು, ಬೈಕ್ ಮೇಲೆ ನಿಲ್ಲೋದು. ನೋಡಬೇಡಿ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಒಂದೇ ಮಾತು: ಎತ್ತೋಕೆ ಹೊರಟಾಗ, ಕೆಳಗೆ ಬೀಳೋನು ಯಾರು, ಅವನಿಗೆ ಬೀಳೋಕೆ ಬರುತ್ತಾ ಅಂತ ಕೇಳಿಕೊಳ್ಳಿ. ಬಿದ್ದು ಪೆಟ್ಟಾದರೆ, ದಯವಿಟ್ಟು, ಮುಚ್ಚಿಡಬೇಡಿ. ಎರಡು ದಿನ ಬಹಳ ದೊಡ್ಡದು.

ಆ ರಾತ್ರಿ ಗೆಳೆಯನ ಮೆಸೇಜಿಗೆ ನಾನು ಫೋನೇ ಮಾಡಿದೆ. ಹೊಗನ್ ಬಗ್ಗೆ ಒಂದು ನಿಮಿಷ ಮಾತಾಡಿದ್ವಿ. ಆಮೇಲೆ ಕೇಳಿದೆ. ಮೂವತ್ತೇಳು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ: "ಅವತ್ತು ಮನ್ಯಾಗ ಯಾಕ ಹೇಳ್ಲಿಲ್ಲಲೇ ನೀ?"

ಅವನು ನಕ್ಕ. "ನಿಮ್ಮಪ್ಪ ನಿನ್ನ ಕೊಲ್ತಾನ ಅಂದಿದ್ಯಲ್ಲ. ಮತ್ತ ನನಗ ಜೋಡಿ ಯಾರು ಸಿಗತಿದ್ರು?"

ಮುಂದಿನ ವಾರ ಮಸ್ಕಿಗೆ ಹೋದೆ. ಅವನ ಅಂಗಡಿಯ ಮೇಲಿನ ಹಲಗೆಗಳನ್ನ ಇಬ್ಬರೂ ಸೇರಿ ಎರಡು ಅಡಿ ಕೆಳಗಿಳಿಸಿದ್ವಿ. ಇಷ್ಟು ವರ್ಷ ಅದು ನನಗೆ ಯಾಕೆ ಹೊಳೀಲಿಲ್ಲವೋ.

ಇವತ್ತಿಗೆ ಇಷ್ಟೇ. ನಿಮ್ಮ ಊರಿನ ಗರಡಿಮನೆ, ನಿಮ್ಮ ಮನೆಯ ಮೊದಲ ಟಿವಿ, ಅದರ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ. ನಮಸ್ಕಾರ.