ನಮ್ಮ ನೀರಿನ ವಿಜ್ಞಾನವನ್ನು ಬರೆಯುವವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯಲ್ಲ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಅಂದರು ಮೇಷ್ಟ್ರು. ಅವರ ಅಪ್ಪಣೆ ಪಡೆದೇ ವಿಷಯ ಬದಲಾಯಿಸಿದ್ದೇನೆ. ರಜಾದಿನಗಳಲ್ಲಿ ನಾನು ಕನ್ನಡದಲ್ಲಿ ವಿಜ್ಞಾನದ ಚಿಕ್ಕ ಚಿಕ್ಕ ಲೇಖನ ಬರೆಯುತ್ತೇನೆ. ಅದರ ಬಗ್ಗೆ ಮಾತಾಡುತ್ತೇನೆ.

ಈ ಕೆಲಸಕ್ಕೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ತುಮಕೂರು ಹತ್ತಿರದ ಬೆಳ್ಳಾವಿ ಎಲ್ಲರಿಗೂ ಗೊತ್ತು. ಆ ಊರನ್ನು ಹೆಸರಿನಲ್ಲೇ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರೊಂದಿಗೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಎರಡು ವರ್ಷಕ್ಕೆ ಅದು ನಿಂತಿತು. ಅವರು ನಿಲ್ಲಲಿಲ್ಲ, 1939ರಲ್ಲಿ, ಅರವತ್ತೈದು ದಾಟಿದ ಮೇಲೆ, ‘ಜೀವವಿಜ್ಞಾನ’ ಎಂಬ ಪುಸ್ತಕ ತಂದರು. ಪಂಪಭಾರತವನ್ನು ಸಂಪಾದಿಸಿದವರೂ ಇವರೇ. ಸೈನ್ಸ್ ಹುಡುಗರಿಗೆ ಕನ್ನಡ ಯಾಕೆ ಅಂತ ಕೇಳುವವರಿಗೆ ನಾನು ಈ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಆಮೇಲೆ ಬಂದವರು ಅನೇಕರು. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗಿಡಮರಗಳ ಪುಸ್ತಕ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುತ್ತಾ ನಗು ತಡೆಯಲಾಗುವುದಿಲ್ಲ. ನಗುತ್ತಲೇ ಗಿಡದ ಹೆಸರು ತಲೆಯಲ್ಲಿ ಕೂತಿರುತ್ತದೆ. ಪರೀಕ್ಷೆಗಾಗಿ ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಬಾಯಿಪಾಠ ಮಾಡಿದ ನಮಗೆ ಹೊಂಗೆಮರದ ಎಲೆ ಏನು ಮಾಡುತ್ತಿದೆ ಅಂತ ನೋಡಬೇಕೆನಿಸಲಿಲ್ಲ. ಸ್ವಾಮಿಯವರು ಮೊದಲು ಮರ ತೋರಿಸುತ್ತಾರೆ, ಪದ ಆಮೇಲೆ.

ನನ್ನ ಮಟ್ಟಿಗೆ ಒಳ್ಳೆಯ ವಿಜ್ಞಾನ ಬರಹ ಅಂದರೆ ಇಷ್ಟೇ: ಓದಿದವನು ಎದ್ದು ಹೋಗಿ ನೋಡಬಹುದಾದ್ದು ಅದರಲ್ಲಿರಬೇಕು. ಕಪ್ಪು ರಂಧ್ರದ ಬಗ್ಗೆ ಬರೆಯಲು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಜನ ಅವನ್ನು ಕಾಯುತ್ತಾರೆ. ಯಾವ ವರ್ಷ ಎಷ್ಟು ಗೂಡು, ಕೆರೆಯಲ್ಲಿ ಎಷ್ಟು ನೀರು ಎಂಬುದನ್ನು ನಾವಲ್ಲದೆ ಬೇರೆ ಯಾರು ಬರೆದಿಡಬೇಕು?

ಇನ್ನು ನೀರಿನ ಮಾತು. ಶಿರಾ, ಪಾವಗಡ, ಮಧುಗಿರಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ನಮ್ಮ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಹಲ್ಲು ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಈ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಉಳಿಯುತ್ತದೆ. ಎಷ್ಟು ಉಜ್ಜಿದರೂ ಹೋಗದು. ನಮ್ಮ ಕ್ಲಾಸಿನಲ್ಲಿ ಅಂಥ ಹಲ್ಲಿನ ಹುಡುಗಿಯೊಬ್ಬಳು ನಗುವಾಗ ಬಾಯಿಗೆ ಸೆರಗಿನಂತೆ ದುಪಟ್ಟಾ ಅಡ್ಡ ಹಿಡಿಯುತ್ತಿದ್ದಳು. ಹಲ್ಲುಜ್ಜಲ್ಲ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಅದು ನೀರಿನ ಗುರುತು ಅಂತ ನಮಗೆ ಹೇಳಿದವರಿಲ್ಲ. ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ನಮ್ಮಜ್ಜಿ ಕೊನೆಗಾಲದಲ್ಲಿ ಕೆಳಗೆ ಕೂತರೆ ಏಳಲಾಗುತ್ತಿರಲಿಲ್ಲ. ವಾಯು ಅಂದುಕೊಂಡೆವು. ಅದು ನೀರಿನಿಂದಲೇ ಅಂತ ನಾನು ಹೇಳುವುದಿಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲ.

ಇವತ್ತಿಗೂ ಎಷ್ಟೋ ಮನೆಗಳಲ್ಲಿ ಕುದಿಸಿದರೆ ಎಲ್ಲಾ ಸರಿಹೋಗುತ್ತೆ ಅನ್ನುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಪಾತ್ರೆಯಲ್ಲೇ ಉಳಿಯುವುದರಿಂದ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಮಾಳಿಗೆಯಿಂದ ಶುಚಿಯಾಗಿ ಹಿಡಿದ ಮಳೆನೀರಿನಲ್ಲಿ ಈ ತೊಂದರೆ ಇಲ್ಲವೇ ಇಲ್ಲ ಅನ್ನಬಹುದು. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕುಡಿಯಲು ತರುವವರೂ ಅನ್ನಕ್ಕೆ, ಸಾರಿಗೆ ಕೊಳವೆಬಾವಿ ನೀರನ್ನೇ ಹಾಕುತ್ತಾರೆ; ಅದೂ ಹೊಟ್ಟೆಗೇ ಹೋಗುತ್ತದಲ್ಲ! ಈ ನಾಲ್ಕು ಮಾತು ಅಮ್ಮಂದಿರಿಗೆ ತಿಳಿಯುವ ಕನ್ನಡದಲ್ಲಿ ಇರಬೇಕು. ಇಂಗ್ಲಿಷ್ ವರದಿಗಳಲ್ಲಿ ಇದ್ದರೆ ನಮ್ಮ ಬಿಂದಿಗೆಗೆ ಏನು ಬಂತು?

ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ. ಶಾಲೆಯ ಗೋಡೆಪತ್ರಿಕೆಯಲ್ಲಿ ಒಂದು ಮೂಲೆ ನೀರಿಗೆ ಬಿಡಲು ಒಪ್ಪಿದ್ದಾರೆ. ಮುಂದಿನ ತಿಂಗಳು ಊರಿಗೆ ಬರುವಾಗ ಫ್ಲೋರೈಡ್ ಪರೀಕ್ಷೆಯ ಕಿಟ್ ತರುತ್ತೇನೆ. ನೀರಿಗೆ ದ್ರಾವಣ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸುವುದು, ಅಷ್ಟೇ. ಹೆಚ್ಚು ಕಂಡ ಬಾವಿಯ ನೀರನ್ನು ಪ್ರಯೋಗಾಲಯಕ್ಕೂ ಕಳಿಸೋಣ. ಎಂಟನೇ, ಒಂಬತ್ತನೇ ತರಗತಿಯವರು ನಿಮ್ಮ ಬೀದಿಯ ಕೊಳವೆಬಾವಿಯ ನೀರು ತನ್ನಿ. ಗಾಜಿನದು ಬೇಡ, ತೊಳೆದ ಪ್ಲಾಸ್ಟಿಕ್ ಬಾಟಲಿ ಇರಲಿ. ಮೇಲೆ ಒಂದು ಚೀಟಿ ಅಂಟಿಸಿ: ಯಾವ ಬೀದಿ, ಬಾವಿ ಎಷ್ಟು ಅಡಿ, ಯಾವ ತಾರೀಖು. ಅಡಿ ಗೊತ್ತಿಲ್ಲದಿದ್ದರೆ ನಿಮ್ಮ ತಾತಂದಿರನ್ನು ಕೇಳಿ, ಬೋರ್ ಕೊರೆಸಿದ ದಿನ ಲಾರಿ ಹತ್ತಿರ ನಿಂತು ಎಣಿಸಿದವರು ಅವರೇ.